ಬಹುವಚನದ ಜಗಳ

“ವಿಭಾಗದ ಮುಖ್ಯಸ್ಥರೆಲ್ಲ ತಮ್ಮ ಆಸ್ಪತ್ರೆಯ ಶಿಕ್ಷಕರ ಪಕ್ಕದಲ್ಲೇ ಕೂತ್ಕೊಳ್ಳಿ. ಎರಡು ದಿನ ಜೋಡಿ ಬದಲಾಗಲ್ಲ,” ಎಂದು ತರಬೇತಿ ಕೊಡುವ ಹಿರಿಯಕ್ಕ ಹೇಳಿದ ಕೂಡಲೇ, ಮುಖ್ಯಸ್ಥರಲ್ಲಿ ಒಬ್ಬಳಾದ ಅವಳು ತನ್ನ ಬ್ಯಾಗನ್ನು ಪಕ್ಕದ ಕುರ್ಚಿಯ ಮೇಲಿಟ್ಟಳು. ಅವಳ ಆಸ್ಪತ್ರೆಯ ಮೇಷ್ಟ್ರು ಬಂದು ಬ್ಯಾಗಿನ ಮುಂದೆ ನಿಂತರು.

“ಇದು ತಮ್ಮ ಬ್ಯಾಗಾ?”

“ಹೌದು.”

“ಶಿಕ್ಷಕರ ಜಾಗದಲ್ಲಿ ಕೂತಿದೆ.”

“ಶಿಕ್ಷಕರಿಗಿಂತ ಕಡಿಮೆ ಮಾತಾಡತ್ತೆ. ಇರ್ಲಿ ಬಿಡಿ.”

ಮೇಷ್ಟ್ರು ಬ್ಯಾಗನ್ನು ಎರಡು ಬೆರಳಲ್ಲಿ ಎತ್ತಿ ನೆಲಕ್ಕಿಟ್ಟು ಕೂತರು. ಹಾವು ಮುಂಗುಸಿಯನ್ನು ಒಂದೇ ಬುಟ್ಟಿಗೆ ಹಾಕಿ ಮುಚ್ಚಳ ಮುಚ್ಚಿದ ಹಾಗಾಯಿತು.

ವೆಂಟಿಲೇಟರ್, ಆಕ್ಸಿಜನ್ ಎಂದು ಉಸಿರಿಗೆ ಒದ್ದಾಡುವವರನ್ನು ನೋಡಿಕೊಳ್ಳುವ ಥೆರಪಿಸ್ಟ್‌ಗಳು ಇರುತ್ತಾರಲ್ಲ, ಅವರ ಮುಖ್ಯಸ್ಥರಿಗೂ ಅವರಿಗೆ ಪಾಠ ಹೇಳುವವರಿಗೂ ಒಟ್ಟಿಗೇ ಏರ್ಪಾಡಾಗಿದ್ದ ತರಬೇತಿ ಅದು. ಅವಳು ತನ್ನ ಆಸ್ಪತ್ರೆಯಲ್ಲಿ ಆ ವಿಭಾಗದ ಮುಖ್ಯಸ್ಥೆ. ಅವರು ಅದೇ ವಿಭಾಗದವರಿಗೆ ಕ್ಲಾಸು ತೆಗೆದುಕೊಳ್ಳುವವರು, ಎಲ್ಲರ ಬಾಯಲ್ಲೂ ಮೇಷ್ಟ್ರು. ಕ್ಲಾಸು ತೆಗೆದುಕೊಳ್ಳುವವರು ಎನ್ನುವುದಕ್ಕಿಂತ ತೆಗೆದುಕೊಳ್ಳಬೇಕೆಂದು ಬಂದು ವಾಪಸ್ ಹೋಗುವವರು ಎಂದರೆ ಸರಿ. “ವಾರ್ಡಲ್ಲಿ ಜನ ಇಲ್ಲ, ಯಾರನ್ನೂ ಕಳಿಸೋಕಾಗಲ್ಲ” ಎಂದು ಅವಳು ಬಾಗಿಲಿಂದಲೇ ಹೇಳಿ ಕಳಿಸುತ್ತಿದ್ದಳು.

ಅದಕ್ಕೆ ಮೇಷ್ಟ್ರು ಸೇಡು ತೀರಿಸಿಕೊಂಡದ್ದು ತುಂಬಿದ ಮೀಟಿಂಗಿನಲ್ಲಿ. “ಮೇಡಂ ವಿಭಾಗದಲ್ಲಿ ಅಲಾರಂ ಹೊಡೆದ್ರೆ ಎಲ್ಲರೂ ಓಡ್ತಾರೆ ಸಾರ್, ಸುಳ್ಳು ಹೇಳಲ್ಲ. ಆದ್ರೆ ಓಡೋದು ಅಲಾರಂ ಆಫ್ ಮಾಡೋಕೆ, ರೋಗಿ ನೋಡೋಕಲ್ಲ.” ಇಡೀ ಮೀಟಿಂಗು ನಕ್ಕಿತು. ಮಾರನೆಯ ದಿನದಿಂದ ಅವಳಿಗೆ ಬೆನ್ನ ಹಿಂದೆ ‘ಅಲಾರಂ ಮೇಡಂ’ ಎಂಬ ಹೆಸರು ಅಂಟಿಕೊಂಡಿತು.

ಇಷ್ಟಾದರೂ ಇಬ್ಬರ ಬಾಯಲ್ಲೂ ಮರ್ಯಾದೆ ತಪ್ಪುತ್ತಿರಲಿಲ್ಲ. ಸಿಟ್ಟು ಏರಿದಷ್ಟೂ ‘ನೀವು’ ಹೋಗಿ ‘ತಾವು’ ಆಗುತ್ತಿತ್ತು. ಅವರು “ತಮ್ಮ ಕೃಪೆ” ಎಂದರೆ ಚಾಕು ಮಸೆದಿದ್ದಾರೆ ಎಂದೇ ಅರ್ಥ.

ಈಗ ಚಾಕುವಿನ ಹಿಡಿ ಅವಳ ಕೈಗೆ ಬಂದಿತ್ತು. ತರಬೇತಿಗೆ ಹೊರಡುವ ಮುಂಚೆ ನಿರ್ದೇಶಕರು ಇಬ್ಬರನ್ನೂ ಕೂರಿಸಿಕೊಂಡು, ಶಿಕ್ಷಕರ ಹುದ್ದೆ ಉಳಿಸಬೇಕೋ ಬೇಡವೋ ಎಂದು ಮೇಡಂ ಹೇಳಲಿ, ಎರಡನೇ ದಿನ ಮಧ್ಯಾಹ್ನ ನಾನೇ ಬಂದು ಕೇಳುತ್ತೇನೆ ಎಂದಿದ್ದರು. ಉಳಿಸಿದರೆ ಆ ಹುದ್ದೆ ಅವಳ ಕೈಕೆಳಗೆ, ಇಲ್ಲದಿದ್ದರೆ ಮೇಷ್ಟ್ರು ಮನೆಗೆ. ಅವಳು ‘ಬೇಡ’ ಎಂಬ ಪದವನ್ನು ಆಗಲೇ ಬಾಯಲ್ಲಿಟ್ಟುಕೊಂಡು ಚಪ್ಪರಿಸುತ್ತಿದ್ದಳು.

ಮೊದಲ ದಿನದ ಅಭ್ಯಾಸ ಮಾಸ್ಕಿನದು. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕು, ತಲೆಯ ಹಿಂದೆ ಪಟ್ಟಿ, ಒಳಗೆ ಗಾಳಿ ದೂಡುವ ಯಂತ್ರ. ರೋಗಿಗಳಿಗೆ ದಿನಾ ಹಾಕುವ ಅದನ್ನು ಇವತ್ತು ಒಬ್ಬರಿಗೊಬ್ಬರು ಹಾಕಬೇಕಿತ್ತು.

ಅವಳು ಮೇಷ್ಟ್ರ ಮುಖಕ್ಕೆ ಮಾಸ್ಕು ಒತ್ತಿ ಪಟ್ಟಿಯನ್ನು ಒಂದೇ ಎಳೆತಕ್ಕೆ ಬಿಗಿದಳು. ಅವರ ಕಣ್ಣಲ್ಲಿ ನೀರಾಡಿತು.

“ಇದು ಚಿಕಿತ್ಸೆನೋ, ಹಳೇ ಬಾಕಿನೋ?” ಎಂದರು ಹಿರಿಯಕ್ಕ. ಬಿಚ್ಚಿದಾಗ ಮೇಷ್ಟ್ರ ಮೂಗಿನ ಮೇಲೆ ಕೆಂಪು ಗೆರೆ ಮೂಡಿತ್ತು. ಅವಳಿಗೆ ಕೆಡುಕೆನಿಸಲಿಲ್ಲ. ಸ್ವಲ್ಪ ಅನಿಸಿತು, ಅದನ್ನು ನುಂಗಿಕೊಂಡಳು.

“ಈಗ ತಮ್ಮ ಸರದಿ,” ಎಂದರು ಮೇಷ್ಟ್ರು.

ಪಟ್ಟಿ ಎಳೆಯುತ್ತಾರೆಂದು ಅವಳು ಕತ್ತು ಬಿಗಿಹಿಡಿದು ಕೂತಳು. ಅವರು ಪಟ್ಟಿಯನ್ನು ಮುಟ್ಟಲೇ ಇಲ್ಲ. ಮಾಸ್ಕನ್ನು ಅವಳ ಅಂಗೈಯಲ್ಲಿಟ್ಟರು.

“ನೀವೇ ಹಿಡ್ಕೊಳ್ಳಿ. ಬೇಡ ಅನಿಸಿದ ತಕ್ಷಣ ತೆಗೀರಿ. ಯಾರೂ ತಡೆಯಲ್ಲ.”

ಗಾಳಿ ನುಗ್ಗಿತು. ಸಾವಿರ ಜನಕ್ಕೆ ಹಾಕಿದ್ದಳು, ತಾನು ಒಮ್ಮೆಯೂ ಹಾಕಿಕೊಂಡಿರಲಿಲ್ಲ. ಉಸಿರು ಬಿಡಲು ಹೋದರೆ ಎದುರಿಂದ ಯಾರೋ ಬಾಗಿಲು ನೂಕುತ್ತಿರುವ ಹಾಗಿತ್ತು. ಕೂಗಬೇಕೆನಿಸಿತು, ಬಾಯಿ ಮುಚ್ಚಿತ್ತು. ಅವಳು ಕಣ್ಣೆತ್ತಿದಳು.

ಮೇಷ್ಟ್ರು ಎದುರಿಗೆ ಮೊಣಕಾಲೂರಿ ಕೂತಿದ್ದರು. ‘ಹೆದರಬೇಡಿ’ ಎನ್ನಲಿಲ್ಲ, ‘ನಿಧಾನ’ ಎನ್ನಲಿಲ್ಲ. ಅವಳ ಏದುಸಿರಿನ ಜೊತೆಗೇ ತಾವೂ ಏದುಸಿರು ಬಿಟ್ಟರು, ಆಮೇಲೆ ಚೂರೇ ಚೂರು ಉದ್ದ ಮಾಡಿದರು. ಅವಳ ಉಸಿರು ಅದರ ಹಿಂದೆಯೇ ಹೋಯಿತು. ಅವರ ರೆಪ್ಪೆಗಳು ಇಷ್ಟು ಉದ್ದ ಇವೆ ಎಂದು ಯಾವ ಮೀಟಿಂಗಿನಲ್ಲೂ ಗೊತ್ತಾಗಿರಲಿಲ್ಲ. ಆ ಕಣ್ಣು ಅವಳನ್ನು ಬಿಟ್ಟು ಆಚೀಚೆ ಹೋಗಲಿಲ್ಲ, ಮತ್ತು ಮೊದಲ ಸಲ ಅದರಲ್ಲಿ ವ್ಯಂಗ್ಯ ಇರಲಿಲ್ಲ.

ಮಾಸ್ಕು ಕಿತ್ತದ್ದೇ ಅವಳು ಹರಿಹಾಯ್ದಳು. “ಒಬ್ಬರಿಗೇ ಇಷ್ಟು ಹೊತ್ತು ಕೂತ್ರೆ ನನ್ನ ವಾರ್ಡಲ್ಲಿ ಎರಡನೇ ರೋಗಿ ಏನ್ ಮಾಡ್ಬೇಕು?”

“ಅದಕ್ಕೇ ಎರಡನೇ ಥೆರಪಿಸ್ಟ್‌ಗೂ ಕಲಿಸ್ಬೇಕು ಅನ್ನೋದು. ಕಲಿಸೋಕೆ ಬಂದ್ರೆ ತಾವು ಬಾಗಿಲು ಹಾಕ್ತೀರಿ.”

ಅವಳು ಫೋನು ಎತ್ತಿಕೊಂಡು ಹೊರಗೆ ಹೋದಳು. ಅಣ್ಣನ ಹೆಂಡತಿಗೆ ಫೋನ್ ಮಾಡಿ ಮೇಷ್ಟ್ರ ಜನ್ಮ ಜಾಲಾಡಿದಳು. ಅವರ ದುರಹಂಕಾರ, ಮಾತು, ಇವತ್ತಿನ ನಾಟಕ, ಕೊನೆಗೆ ರೆಪ್ಪೆ.

“ರೆಪ್ಪೆ ಏನ್ ಮಾಡ್ತು ನಿಂಗೆ?” ಎಂದು ಅತ್ತಿಗೆ ಕೇಳಿದಳು. “ಮೂರು ವರ್ಷದಿಂದ ಊಟ ಆಯ್ತಾ ಅಂತ ಕೇಳಿದ್ರೂ ಆ ಮನುಷ್ಯನ್ನೇ ಬೈತೀಯ. ನಾನು ನಿಮ್ಮಣ್ಣನ್ನ ಹೀಗೇ ಬೈತಿದ್ದೆ, ಮದುವೆಗೆ ಮುಂಚೆ.”

“ಇಡು ಫೋನು!” ಎಂದಳು ಅವಳು. ಫೋನು ಮಾಡಿದ್ದು ತಾನೇ ಎಂಬುದೂ ನೆನಪಿರಲಿಲ್ಲ.

ಎರಡನೇ ದಿನ ಬೆಳಗಿನ ಬಿಡುವಿನಲ್ಲಿ ಕಾರಿಡಾರಿನ ಕಾಫಿ ಮಷೀನಿನ ಹತ್ತಿರ ಮೇಷ್ಟ್ರು ಸಿಕ್ಕರು. ಮೂಗಿನ ಗೆರೆ ಇನ್ನೂ ಪೂರ್ತಿ ಮಾಸಿರಲಿಲ್ಲ.

“ಮಧ್ಯಾಹ್ನ ನಿರ್ದೇಶಕರು ಕೇಳಿದಾಗ ಬೇಡ ಅಂದ್ಬಿಡಿ,” ಎಂದರು.

“ನಾನೇನು ಹೇಳ್ಬೇಕು ಅಂತ ತಾವು ಹೇಳ್ಕೊಡ್ಬೇಕಾಗಿಲ್ಲ.”

“ಬೇರೆ ಕಡೆ ಕೆಲಸ ಸಿಕ್ಕಿದೆ. ನೀವು ಬೇಕು ಅಂದ್ರೆ ನಾನು ನಿಮ್ಮ ಕೈಕೆಳಗೆ ಬರ್ತೀನಿ. ಆಮೇಲೆ ನಿಮ್ಮ ತಪ್ಪು ಹೇಳೋಕೆ ನನಗೆ ಬಾಯಿ ಬರಲ್ಲ. ಬಾಯಿ ಬರದ ಮೇಷ್ಟ್ರು ಯಾರಿಗೆ ಬೇಕು?”

“ಇಷ್ಟು ದಿನ ಬರ್ತಿತ್ತಲ್ಲ?”

“ಕಷ್ಟಪಟ್ಟು ಬರ್ತಿತ್ತು.” ಅವರು ಕಾಫಿ ಲೋಟವನ್ನು ನೋಡುತ್ತ ದನಿ ತಗ್ಗಿಸಿದರು. “ನಿಮ್ಮ ಹತ್ರ ಜಗಳ ಆಡದ ದಿನ ಮನೆಗೆ ಹೋದ್ರೆ ಏನೋ ಮರೆತು ಬಂದ ಹಾಗಿರತ್ತೆ. ಜೇಬು ತಡಕಿಕೊಳ್ತೀನಿ. ಏನು ಅಂತ ಗೊತ್ತಾದ ಮೇಲೆ ಇಲ್ಲಿ ಇರೋದು ಸರಿಯಲ್ಲ.”

ಅವಳಿಗೆ ಮೊದಲು ಕಿವಿ ಬಿಸಿಯಾಯಿತು. ಆಮೇಲೆ ಉಕ್ಕಿದ್ದು ಸಂತೋಷವಲ್ಲ, ಅಪ್ಪಟ ಸಿಟ್ಟು.

“ಬೈಯೋದು ತುಂಬಿದ ಮೀಟಿಂಗಲ್ಲಿ, ಎಲ್ಲರೂ ನಗೋ ಹಾಗೆ. ಇದು ಮಾತ್ರ ಕಾಫಿ ಮಷೀನ್ ಸಂದಿಯಲ್ಲಿ, ಯಾರಿಗೂ ಕೇಳಿಸದ ಹಾಗೆ! ನಾಚಿಕೆ ಆಗಲ್ವಾ ನಿನಗೆ?”

ಮೇಷ್ಟ್ರು ಲೋಟದಿಂದ ಕಣ್ಣೆತ್ತಿದರು.

“ನಿನಗೆ ಅಂದ್ರಿ,” ಎಂದರು ಮೇಷ್ಟ್ರು.

“ಸಿಟ್ಟಲ್ಲಿ ಬಂತು.”

“ಮೂರು ವರ್ಷದಿಂದ ಸಿಟ್ಟಲ್ಲೇ ಇದ್ದೀರಿ. ಯಾವತ್ತೂ ಬಂದಿರ್ಲಿಲ್ಲ.”

ಅವಳು ಕಾಫಿಯನ್ನು ಅಲ್ಲೇ ಬಿಟ್ಟು ಹೊರಟುಹೋದಳು. ಅವಳೇ ಏಕವಚನಕ್ಕೆ ಇಳಿದ ಮೇಲೆ ಕಥೆ ಹೇಳುವವರಿಗೇನು ಮುಲಾಜು, ನಾವೂ ಇನ್ನು ‘ಅವನು’ ಎನ್ನೋಣ.

ಮಧ್ಯಾಹ್ನ ನಿರ್ದೇಶಕರು ಬಂದರು. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ. ಹತ್ತಾರು ಆಸ್ಪತ್ರೆಗಳವರು ಕೂತಿದ್ದ ಹಾಲಿನಲ್ಲೇ ಕೇಳಿದರು: “ಏನಮ್ಮಾ, ಶಿಕ್ಷಕರ ಹುದ್ದೆ ಬೇಕಾ, ಬೇಡ್ವಾ?”

ಅವಳು ಎದ್ದಳು. ಎರಡು ದಿನ ಬಾಯಲ್ಲಿದ್ದ ‘ಬೇಡ’ವನ್ನು ಹುಡುಕಿದರೂ ಸಿಗಲಿಲ್ಲ. “ಬೇಕು ಸಾರ್. ಇವರು ಮೀಟಿಂಗಲ್ಲಿ ಹೇಳಿದ್ದು ನಿಜ. ನಮ್ಮ ಹುಡುಗರಿಗೆ ಅಲಾರಂ ಬಾಯಿ ಮುಚ್ಚಿಸೋಕೆ ಬರತ್ತೆ, ಉಸಿರು ಕಟ್ಟಿದವರ ಮುಂದೆ ಕೂರೋಕೆ ಬರಲ್ಲ. ನಿನ್ನೆ ತನಕ ನನಗೂ ಬರ್ತಿರ್ಲಿಲ್ಲ.”

ಪಕ್ಕದಲ್ಲಿ ಅವನು ಎದ್ದ. “ಹುದ್ದೆ ಇರಲಿ ಸಾರ್. ಆ ಜಾಗಕ್ಕೆ ಬೇರೆಯವರನ್ನ ನೋಡ್ಕೊಳ್ಳಿ.”

“ಯಾಕ್ರೀ?”

ಅವನು ಅವಳ ಕಡೆ ತಿರುಗಿದ. ಪಂಥಕ್ಕೆ ಬಿದ್ದವನ ಮುಖ. “ನನಗೆ ಇವರ ಮೇಲೆ ಪ್ರೀತಿ. ಇವರ ಕೈಕೆಳಗೆ ಇದ್ಕೊಂಡು ಇವರ ತಪ್ಪು ಹೇಳೋಕಾಗಲ್ಲ. ಬೆಳಿಗ್ಗೆ ಇದನ್ನ ಸಂದಿಯಲ್ಲಿ ಹೇಳಿ ಬೈಸ್ಕೊಂಡೆ. ಅದಕ್ಕೇ ಈಗ ಎಲ್ಲರ ಮುಂದೆ ಹೇಳ್ತಿದ್ದೀನಿ.”

ಯಾರೂ ನಗಲಿಲ್ಲ. ಹಿರಿಯಕ್ಕ ಕೈಯಲ್ಲಿದ್ದ ಮಾಸ್ಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಅವಳಿಗೆ ಅವನನ್ನು ಹಿಡಿದು ಜಾಡಿಸಬೇಕೆನಿಸಿತು. ಇದರಲ್ಲೂ ತಾನೇ ಮುಂದೆ ಹೋಗಬೇಕು ಈ ಮನುಷ್ಯ!

“ಸಾರ್,” ಎಂದಳು, “ಇವರನ್ನ ನನ್ನ ಕೈಕೆಳಗೆ ಹಾಕ್ಬೇಡಿ. ನೇರವಾಗಿ ನಿಮಗೇ ಉತ್ತರ ಹೇಳ್ಕೊಳ್ಳಲಿ. ಯಾವಾಗ ಬೇಕಾದ್ರೂ ನನ್ನ ವಾರ್ಡಿಗೆ ಬರಲಿ, ನನ್ನನ್ನ ಕೇಳೋದು ಬೇಡ. ನನ್ನ ತಪ್ಪು ಹೇಳೋರು ನನ್ನ ಹಂಗಿನಲ್ಲಿ ಇರಬಾರದು.”

ಹಾಲಿನಲ್ಲಿದ್ದ ಮುಖ್ಯಸ್ಥರೆಲ್ಲ ಅವಳನ್ನೇ ನೋಡಿದರು. ತಮ್ಮ ವಾರ್ಡಿನ ಬಾಗಿಲನ್ನು ಹೀಗೆ ಬಿಟ್ಟುಕೊಡುವುದು ಎಂದರೇನೆಂದು ಅವರಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು.

ನಿರ್ದೇಶಕರು ಕನ್ನಡಕ ತೆಗೆದರು. “ಅಂದ್ರೆ, ಈ ಮನುಷ್ಯನೇ ಬೇಕು ಅಂತೀರಾ?”

“ಬೇಕು.”

“ವಿಭಾಗಕ್ಕೆ?”

ಅವಳು ಅವನನ್ನು ನೋಡಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ.

“ವಿಭಾಗಕ್ಕೂ,” ಎಂದಳು.

ನಿರ್ದೇಶಕರಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನಿಗೆ ಹಿಡಿಯಲಿಲ್ಲ. ಮೂರು ವರ್ಷದಲ್ಲಿ ಒಮ್ಮೆಯೂ ಅವಳಿಗೆ ಉತ್ತರ ಕೊಡದೆ ಇರದವನು ಬೆನ್ನ ಹಿಂದಿನ ಕುರ್ಚಿಗೆ ತಡಕಾಡಿ, ಏನೂ ಹೇಳದೆ ಕೂತುಬಿಟ್ಟ.