ಶಾಂಭವಿಯ ಅಚ್ಚು

ಬೆಟಗೇರಿಯಲ್ಲಿ ಕಟ್ಟುಹಲ್ಲು ಮಾಡುವ ಕೆಲಸ ನಮ್ಮಜ್ಜ ಶುರು ಮಾಡಿದ್ದು. ಅವರಾದ ಮೇಲೆ ಅಪ್ಪ, ಈಗ ನಾನು. ನನ್ನ ನಂತರ ಮಗಳು ಶಾಂಭವಿ ಎಂದುಕೊಂಡಿದ್ದೆ. ಮನೆಯ ಮಗುವಿಗೆ ಮೊದಲ ಹಲ್ಲು ಬಿದ್ದ ದಿನ ಅದರ ಬಾಯಿಯ ಅಳತೆ ತೆಗೆದು, ಪ್ಲಾಸ್ಟರ್ ಎರೆದು, ಆ ಅಚ್ಚನ್ನು ಕಪಾಟಿನಲ್ಲಿಡುತ್ತೇವೆ. ಆ ಜೀವ ಹೋದ ದಿನ ಅದನ್ನು ಒಡೆಯಬೇಕು. ಇದು ಅಜ್ಜ ಹಾಕಿಕೊಟ್ಟ ರೂಢಿ.

ಶಾಂಭವಿ ಆರನೇ ವರ್ಷಕ್ಕೇ ಜ್ವರದಲ್ಲಿ ಹೋದಳು. ಮುಂದಿನ ಒಂದು ಹಲ್ಲಿನ ಜಾಗ ಖಾಲಿಯಿದ್ದ ಆ ಪುಟ್ಟ ಅಚ್ಚನ್ನು ಒಡೆಯಲು ನನಗೆ ಕೈ ಬರಲಿಲ್ಲ. ಒಡೆದೆ ಎಂದು ಅಪ್ಪನಿಗೆ ಸುಳ್ಳು ಹೇಳಿ, ಹಿಂದಿನ ಸಾಲಿನಲ್ಲಿ ಬಚ್ಚಿಟ್ಟೆ.

ಆರು ವರ್ಷ ಅದನ್ನು ಮುಟ್ಟಿರಲಿಲ್ಲ. ಕಳೆದ ಸೋಮವಾರ ಮಧ್ಯಾಹ್ನ ಕಪಾಟು ಒರೆಸುವಾಗ ಬೆರಳಿಗೆ ಬಿಸಿ ತಗುಲಿತು. ಪ್ಲಾಸ್ಟರ್ ಬಿಸಿಯಾಗುವುದು ಒಂದೇ ಸಲ, ಎರೆದು ಗಟ್ಟಿಯಾಗುವಾಗ. ಸುತ್ತಲಿನ ಅಚ್ಚುಗಳೆಲ್ಲ ತಣ್ಣಗೆ ಧೂಳು ಹಿಡಿದಿದ್ದವು. ಇದರ ಮೇಲೆ ಮಾತ್ರ ಧೂಳಿರಲಿಲ್ಲ. ನೀರಿನ ಪಸೆ ಇತ್ತು.

ಅಪ್ಪನಿಗೆ ಈಗ ಕಣ್ಣು ಕಾಣುವುದಿಲ್ಲ. ಏನೂ ಹೇಳದೆ ಅವರ ಅಂಗೈಯಲ್ಲಿಟ್ಟೆ. ಹೆಬ್ಬೆರಳನ್ನು ಹಲ್ಲುಗಳ ಮೇಲೆ ಮೆಲ್ಲಗೆ ಆಡಿಸಿದರು.

"ಈಗ ಎರದಿ ಏನಲೇ ನಂದೀಶ? ಇನ್ನೂ ಬಿಸಿ ಐತಿ. ಹುಡುಗೀದು ಅನಸ್ತೈತಿ. ಮುಂದಿನ ಹಲ್ಲೆಲ್ಲಾ ಬಂದಾವ, ಹಿಂದಿನ ದವಡಿಹಲ್ಲು ಈಗ ಮೂಡಾಕತ್ತಾವ. ಹನ್ನೆರಡು ತುಂಬಿರಬೇಕು ನೋಡು."

ಅಪ್ಪ ಅಚ್ಚನ್ನು ಜೋಪಾನವಾಗಿ ನನ್ನ ಕೈಗೆ ಮರಳಿಸುತ್ತ ಕೇಳಿದರು:

"ಯಾರ ಮಗಳಲೇ ಈಕಿ?"