ಮಂಜಿನೊಳಗಿನ ಕಹಳೆ

ದ್ರಾಕ್ಷಿ ತೋಟದ ಮಂಜಿನೊಳಗಿಂದ ಕಹಳೆ ಕೂಗಿತು. ಒಂದೇ ಸಲ. ಉದ್ದನೆಯ ದನಿ, ಕೊನೆಗೆ ನಡುಗಿ ನಿಂತಿತು.

ಚಹಾಕ್ಕೆ ನೀರಿಡುತ್ತಿದ್ದ ಲತಾ ಟೀಚರ್ ಪಾತ್ರೆ ಕೆಳಗಿಟ್ಟು ಕಿವಿಗೊಟ್ಟಳು. ಮಹಾರಾಷ್ಟ್ರದ ಸಂಭಾಜಿನಗರದ ಕನ್ನಡ ಶಾಲೆಯಿಂದ ನಾಶಿಕ ಸಮೀಪದ ನಿಫಾಡ್ ಬಳಿ ಶಿಬಿರಕ್ಕೆ ಬಂದ ಈ ಸ್ಕೌಟ್ ಪಡೆಯಲ್ಲಿ ಕಹಳೆಯೇ ಇರಲಿಲ್ಲ. ಇದ್ದದ್ದು ನಾಶಿಕದ ಸೇನಾ ಮ್ಯೂಸಿಯಮ್ಮಿನಲ್ಲಿ. ಗಡಿಯ ಹಿಮದಲ್ಲಿ ಹೂತುಹೋದ ಸೈನಿಕ ಮುತ್ತುವಿನದು. ನಿನ್ನೆ ಅಲ್ಲಿಗೆ ಹೋಗಿದ್ದ ಮಕ್ಕಳೆಲ್ಲ ಅದನ್ನು ಮುಟ್ಟಿ ನೋಡಿದ್ದರು. ಸಂಜೆಗೆ ಅದು ಕಾಣೆಯಾಗಿದೆ ಎಂದು ಅಲ್ಲಿಂದ ಫೋನ್ ಬಂದಿತ್ತು.

“ಟೀಚರ್, ಸತ್ತವರು ಊದ್ತಾರೇನ್ರಿ?” ಡೇರೆಯೊಳಗಿಂದ ಯಾವುದೋ ಹುಡುಗಿ ಕೇಳಿದಳು.

ಲತಾ ಸ್ಕೌಟ್ ಮಾಸ್ಟರರನ್ನು ಎಬ್ಬಿಸಲು ಹೋದಳು.

* * *

ಸ್ಕೌಟ್ ಮಾಸ್ಟರ್ ರಾಕೇಶ ಎಲ್ಲರ ಚೀಲ ಸುರುವಿಸಿದ. ಮಂಜುಳಾಳ ಚೀಲದಿಂದ ಕಹಳೆ ಉರುಳಿತು.

ಮಂಜುಳಾಳಿಗೆ ಹನ್ನೆರಡು. ತಾಯಿ ಗುಂಡವ್ವ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುತ್ತಾಳೆ.

“ನಾ ತಂದಿಲ್ರಿ ಸರ್. ಅವ್ವನ ಆಣಿ.”

“ನಿನ್ನೆ ಆಖರಿಗೆ ಹಿಡಿದಾಕಿ ನೀನ ಹೌದಲ್ಲ? ಮ್ಯೂಸಿಯಮ್ಮಿನವರು ಬರಾಕತ್ತಾರ. ಪೊಲೀಸರಿಗೂ ಹೇಳ್ತೀನಿ. ಸ್ಕಾರ್ಫ್ ಬಿಚ್ಚು.”

ಹುಡುಗಿ ಕೊರಳ ಗಂಟನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ರಾಕೇಶನೇ ಬಿಚ್ಚಿದ. ಸ್ಕಾರ್ಫ್ ಒದ್ದೆ ಹುಲ್ಲಿಗೆ ಬಿತ್ತು.

ಲತಾ ಕಹಳೆ ಎತ್ತಿ ನೋಡಿದಳು. ನಿನ್ನೆ ಕಿಲುಬು ಹಿಡಿದಿತ್ತು. ಇಂದು ಥಳಥಳ. ಅಗಲವಾದ ಬಾಯಿಯ ಮೇಲೆ ವಿಭೂತಿ ಬಳಿದಿತ್ತು.

“ನೋಡ್ರಿ!” ರಾಕೇಶ ಮಂಜುಳಾಳ ಹಣೆ ತೋರಿಸಿದ. “ಇಕಿನೂ ಇಭೂತಿ ಹಚ್ಕೋತಾಳ.”

“ನಾನೂ ಹಚ್ಕೋತೀನಿ, ಸರ್,” ಎಂದಳು ಲತಾ. “ ನನ್ನ ಚೀಲಾನೂ ನೋಡ್ರಿ.”

ಹುಡುಗಿಯ ಹಣೆಯಲ್ಲಿ ಮೂರು ಗೆರೆ. ಕಹಳೆಯ ಮೇಲೆ ಎರಡೇ. ನಡುವೆ ಒಂದು ಬೆರಳಿನಷ್ಟು ಜಾಗ ಬರಿದು.

“ಒಂದ್ಸಲ ಊದವ್ವ.”

ಮಂಜುಳಾ ಕೆನ್ನೆ ಉಬ್ಬಿಸಿ ಊದಿದಳು. ಬರೀ ಗಾಳಿ.

ಬೆಳಗ್ಗೆ ಊದಿದವನು ಕಲಿತವನು ಎಂದುಕೊಂಡಳು ಲತಾ.

* * *

ಮ್ಯೂಸಿಯಮ್ಮಿನ ರತ್ನಾಕರ ಜೀಪಿನಿಂದ ಇಳಿದಾಗಲೂ ಮಂಜು ಕರಗಿರಲಿಲ್ಲ.

“ಮೊದಲು ಪ್ರಾರ್ಥನೆ ಮಾಡೋಣ್ರಿ. ಎಲ್ಲಾರೂ ಟೋಪಿ, ಕೈಗವಸು ತೆಗೀರಿ,” ಎಂದಳು ಲತಾ.

ಎಲ್ಲರೂ ತೆಗೆದರು. ಸಾಲಿನ ತುದಿಯಲ್ಲಿ ಒಬ್ಬ ಮಾತ್ರ ತಡೆದ. ಕಾವಲಿಗೆ ಹೊಸದಾಗಿ ಬಂದ ಮಾಜಿ ಸೈನಿಕ ಮಹಾದೇವಪ್ಪ. ಬಂದಾಗಿನಿಂದ ಹುಬ್ಬಿನವರೆಗೆ ಉಣ್ಣೆ ಟೋಪಿ, ಕೈಗೆ ಕೈಗವಸು. ಚಳಿಗೆ ಎಂದುಕೊಂಡಿದ್ದರು ಎಲ್ಲರೂ.

ಮೆಲ್ಲಗೆ ಟೋಪಿ ಎತ್ತಿದ, ಕೈಗವಸು ಕಳಚಿದ. ಹಣೆಯಲ್ಲಿ ಎರಡೇ ಗೆರೆ. ನಡುವೆ ಬರಿದು. ಬಲಗೈಯ ನಡುಬೆರಳು ಅರ್ಧವೇ ಇತ್ತು.

“ಮೂರು ಬೆರಳಿಲೆ ಬಳಿದರ ಮೂರು ಗೆರಿ ಬರತಾವ,” ಲತಾ ಹೇಳಿದಳು. “ನಿಮಗ ಎರಡೇ. ಕಹಳಿಗೂ ಎರಡೇ. ಮ್ಯೂಸಿಯಮ್ಮಿಗೆ ನೀವೂ ಬಂದಿದ್ರಿ. ಬೆಳಿಗ್ಗೆ ಊದಿದ್ರಿ. ಹುಡುಗರು ಎದ್ದರು. ಗಾಬರ‍್ಯಾಗಿ ಹತ್ತಿರದ ಡೇರೆದಾಗ ಕೈಗೆ ಸಿಕ್ಕ ಚೀಲಕ್ಕ ತುರುಕಿದ್ರಿ. ಹೌದಲ್ಲ?”

ಮಹಾದೇವಪ್ಪ ಟೋಪಿಯನ್ನು ಜೇಬಿಗೆ ತುರುಕಿದ.

“ಹೌದ್ರಿ ತಂಗಿ. ಮುತ್ತು ನನ್ನ ಜೋಡಿ ಇದ್ದ. ಆ ಹಿಮದಾಗ ನನ್ನ ಬೆರಳು ಹೋತು, ಅವ ಪೂರಾ ಹೋದ. ಹೆಣ ಸಿಗಲಿಲ್ಲ. ಇಭೂತಿ ಹಚ್ಚಾಕ ಹಣಿನೂ ಇರಲಿಲ್ಲ. ಇವತ್ತ ಅವ ಹೋದ ದಿನ. ತಿಕ್ಕಿ ಹೊಳಪು ಮಾಡಿ ಒಂದ್ಸಲ ಊದಿ, ಮಕ್ಕಳ ಕೈಲೆ ವಾಪಸ್ ಕೊಡಬೇಕಂತ...”

“ಹುಡುಗಿ ಸ್ಕಾರ್ಫ್ ಬಿಚ್ಚಿಸಿದ್ರು,” ಎಂದಳು ಲತಾ. “ ಆವಾಗ ಯಾಕ ಬಾಯಿ ಬಿಡಲಿಲ್ಲ?”

ಅವನು ಹುಲ್ಲಿನ ಮೇಲೆ ಬಿದ್ದ ಸ್ಕಾರ್ಫ್ ನೋಡಿದ.

“ಸತ್ತವಗ ಇಭೂತಿ ಹಚ್ಚಿದ್ರಿ, ಅಣ್ಣಾ. ಬದುಕಿದ್ದಾಕಿ ಮುಖಕ್ಕ ಮಸಿ ಬಳದ್ರಿ.”

ಮಹಾದೇವಪ್ಪ ಮೊಣಕಾಲೂರಿ ಸ್ಕಾರ್ಫ್ ಎತ್ತಿದ, ಹುಲ್ಲು ಕೊಡವಿದ, ಮಂಜುಳಾಳ ಕೊರಳಿಗೆ ಹಾಕಿದ. ಗಂಟು ಕಟ್ಟಲು ಅರ್ಧ ಬೆರಳು ಮತ್ತೆ ಮತ್ತೆ ಜಾರಿತು.

“ಬಿಡ್ರಿ ಅಜ್ಜಾ. ನನಗ ಬರ್ತದ,” ಎಂದಳು ಹುಡುಗಿ. ತಾನೇ ಕಟ್ಟಿಕೊಂಡಳು. ರಾಕೇಶನ ಮುಖ ನೋಡುತ್ತ, ಬಿಗಿಯಾಗಿ.

ಮಹಾದೇವಪ್ಪ ಕಹಳೆಯನ್ನು ಎದೆಗವಚಿಕೊಂಡು ರತ್ನಾಕರನ ಜೀಪಿನತ್ತ ನಡೆದ.