ಖಾಲಿ ತೊಟ್ಟಿಲ ಹರಾಜು

ಸುಳ್ಳು ಹೇಳಿದರೆ ನನ್ನ ಮೀಸೆಗೆ ಬೆಂಕಿ ಬೀಳಲಿ!

ಆ ಮಧ್ಯಾಹ್ನ ಪುಣೆ ಕ್ಯಾಂಪಿನ ಒಂದು ಹಾಲ್‌ನಲ್ಲಿ ನನ್ನಿಂದ ಒಂದು ಮೊಳ ದೂರದಲ್ಲಿ ಪಿಸ್ತೂಲಿತ್ತು. ಬಾಗಿಲಿಗೆಲ್ಲ ಪೊಲೀಸರು.

ಪಿಸ್ತೂಲು ಯಾರ ಕೈಯಲ್ಲೂ ಇರಲಿಲ್ಲ... ತೊಟ್ಟಿಲಲ್ಲಿತ್ತು!

ನಲವತ್ತೆರಡನೇ ಇಸವಿ, ಚಲೇಜಾವ್ ಗಲಾಟೆಯ ಕಾಲ. ಮಕ್ಕಳ ಆಸ್ಪತ್ರೆಗೆಂದು ಮೂಕ ಹರಾಜು. ಕೂಗಾಟವಿಲ್ಲ. ಪ್ರತಿ ಸಾಮಾನಿನ ಮುಂದೆ ಒಂದು ಡಬ್ಬಿ. ಬೇಕಾದವರು ಹೆಸರು, ಬೆಲೆ ಬರೆದು ಚೀಟಿ ಹಾಕಬೇಕು. ಗಂಟೆ ಹೊಡೆದಾಗ ಹೆಚ್ಚು ಬರೆದವರಿಗೆ ಸಾಮಾನು.

ಎಲ್ಲವನ್ನೂ ಚೆಂದಗಾಣಿಸಿ ಜೋಡಿಸಿದವನು ನಾನು, ಗೂಳಪ್ಪ. ಅಂಗಡಿಗಳ ಗಾಜಿನ ಕಿಟಕಿ ಸಿಂಗರಿಸುವುದು ನನ್ನ ಕಸುಬು. ಕೆಟ್ಟ ವ್ಯವಹಾರ ನೆಟ್ಟಗೆ ಮಾಡುವುದು ಒಳಕಸುಬು. ಕಪ್ಪು ಮಖಮಲ್ಲು ಹಾಸಿ ಹಿಂದೊಂದು ಕನ್ನಡಿ ಇಟ್ಟೆನೆಂದರೆ ಹಿತ್ತಾಳೆ ಚೊಂಬೂ ಮಹಾರಾಜರದ್ದೇ!

ರುದ್ರವ್ವ ಓಡಿ ಬಂದಳು. ಕಾಳಿನ ವ್ಯಾಪಾರಿ ಈರಬಸಪ್ಪನ ಹೆಂಡತಿ. ಸೊಂಟದಲ್ಲಿ ಕೂಸು.

"ಗೂಳಪ್ಪಣ್ಣಾ, ಆ ಕಲಘಟಗಿ ತೊಟ್ಟಿಲ ನಮ್ಮದು! ನಮ್ಮತ್ತಿ ದಾನಾ ಕೊಟ್ಟಾಳ!"

"ಪುಣ್ಯಾ ಬಂತಲ್ಲ ತಂಗಿ."

"ಎಲ್ಲೀ ಪುಣ್ಯಾ! ತಳದ ಹಲಗಿ ಕೆಳಗ ನನ್ನ ತಮ್ಮ ಶಿವಪ್ಪ ಪಿಸ್ತೂಲ ಇಟ್ಟು ಮೊಳಿ ಬಡದಾನ. ಪೊಲೀಸರು ಮೊದಲ ಅವನ್ನ ಹುಡುಕಾಕತ್ತಾರ. ಇದು ಸಿಕ್ಕರ ಗಲ್ಲು, ಅಣ್ಣಾ!"

"ವಾಪಸ್ ಕೇಳಬೇಕಿಲ್ಲೋ?"

"ಕೇಳಿದೆ. ಒಂದೂ ಚೀಟಿ ಬೀಳದಿದ್ರ ಒಯ್ರಿ ಅಂದ್ರು."

ಒಂದೂ ಚೀಟಿ ಬೀಳಬಾರದು! ಆದರೆ ತೊಟ್ಟಿಲು ಹೇಗಿತ್ತು ಗೊತ್ತೆ? ಕೆಂಪು, ಹಳದಿ, ಗಿಳಿ, ಬಳ್ಳಿ... ಜನ ಆಗಲೇ ಮುತ್ತುತ್ತಿದ್ದರು.

ನಾನು ಅದಕ್ಕೊಂದು ಕರಿ ದಾರ ಕಟ್ಟಿದೆ. ಪರದೆಯ ಹಿಂದೆ ನಿಂತು ಎಳೆದೆ.

ಖಾಲಿ ತೊಟ್ಟಿಲು ತಾನಾಗಿಯೇ ತೂಗತೊಡಗಿತು!

"ಅಗ ಬಾಈ! ರಿಕಾಮಾ ಪಾಳಣಾ!" ಗಂಗೂಬಾಯಿ ಸೇಠಾಣಿ ಸೆರಗು ಬಾಯಿಗಿಟ್ಟುಕೊಂಡು ಹಿಂದೆ ಸರಿದಳು.

ಉಡುಪಿ ಹೋಟೆಲಿನ ಸದಾನಂದ ಬರೆದ ಚೀಟಿಯನ್ನು ಜೇಬಿಗೆ ತುರುಕಿದ. "ಖಾಲಿ ತೊಟ್ಟಿಲು ತೂಗುದಾ! ನನ್ನ ಹೆಂಡತಿ ಬಸುರಿ ಮಾರಾಯ್ರೆ, ಇದನ್ನು ನೋಡಿದ್ದೇ ತಪ್ಪಾಯ್ತು!"

ಜಾಗ ಖಾಲಿ. ಗೆದ್ದೆ ಎಂದುಕೊಂಡೆ...

"ಓ! ಹೌ ಲವ್ಲಿ!"

ಪೊಲೀಸ್ ಸಾಹೇಬನ ಹೆಂಡತಿ, ಬಿಳಿ ಮಡ್ಡಮ್ಮ! ಟಪ್ಪೆಂದು ಡಬ್ಬಿಗೆ ಚೀಟಿ ಹಾಕಿಯೇಬಿಟ್ಟಳು. ನಮ್ಮವರಿಗೆ ಅಪಶಕುನ. ಬಿಳಿಯರಿಗೆ ಅದು ಆಟಿಕೆ! ಇದು ನನಗೆ ಹೊಳೆದೇ ಇರಲಿಲ್ಲ.

ಅವಳ ಹಿಂದೆಯೇ ಸಾಹೇಬ. ಅವನ ಕಣ್ಣು ದಾರ ಹಿಡಿದು ಪರದೆಯವರೆಗೆ ಬಂತು.

"ಬಾಹರ್ ಆವ್!"

ಬಂದೆ. ಬೆತ್ತದ ತುದಿ ನನ್ನ ಎದೆಗೆ.

"ಕ್ಯಾ ಛುಪಾತಾ ಹೈ?"

"ಕುಛ್ ನಹೀಂ ಸಾಬ್... ಡೆಕೋರೇಶನ್!"

ಸಾಹೇಬ ನಗಲಿಲ್ಲ. ಬೆತ್ತದಿಂದ ತೊಟ್ಟಿಲ ತಳ ಬಡಿದ.

ಟಕ್... ಟಕ್... ಡುಬ್!

ಪೊಳ್ಳು! ಸಾಹೇಬ ಅಂಗಿಯ ತೋಳು ಮಡಿಚದೆ ಹಾಗೆಯೇ ಬಗ್ಗಿದ.

ರುದ್ರವ್ವನ ಸೊಂಟದಿಂದ ಕೂಸನ್ನು ಕಿತ್ತು ತೊಟ್ಟಿಲಿಗೆ ಹಾಕಿದೆ! "ಬಚ್ಚಾ ಬಿನಾ ಡೆಕೋರೇಶನ್ ಅಧೂರಾ, ಸಾಬ್!"

ಮಡ್ಡಮ್ಮ ಚಪ್ಪಾಳೆ ತಟ್ಟಿದಳು. ಸಾಹೇಬ ಕೂಸಿನ ಕೆಳಗೇ ಕೈ ತೂರಿಸಿದ. ಬೆರಳು ಹಲಗೆಯ ಅಂಚು ಹುಡುಕುತ್ತಿತ್ತು. ಸಿಕ್ಕಿತು. ಮೊಳೆಯ ತಲೆ ಮುಟ್ಟಿತು. ರುದ್ರವ್ವ ಕಣ್ಣು ಮುಚ್ಚಿದಳು...

ಕೂಸು ಕಣ್ಣು ಬಿಟ್ಟಿತು. ಸಾಹೇಬನನ್ನು ನೋಡಿತು. ಉಚ್ಚೆ ಹೊಯ್ದುಬಿಟ್ಟಿತು!

ಸುರ್ರ್... ನಿಲ್ಲಲೇ ಇಲ್ಲ!

ಸಾಹೇಬ ಕೈ ಎಳೆದುಕೊಂಡ. ಇಸ್ತ್ರಿಯ ತೋಳು ತೊಟ್ಟಿಕ್ಕುತ್ತಿತ್ತು. ಮಡ್ಡಮ್ಮ ಮೂಗು ಮುಚ್ಚಿಕೊಂಡು ಡಬ್ಬಿ ತೆರೆಸಿದಳು, ಚೀಟಿ ಹರಿದಳು, ಗಂಡನನ್ನು ನಲ್ಲಿಯ ಕಡೆ ದರದರನೆ ಎಳೆದೊಯ್ದಳು.

ಗಂಟೆ ಹೊಡೆಯಿತು. ತೊಟ್ಟಿಲ ಡಬ್ಬಿ ಖಾಲಿ.

ಅದನ್ನು ರುದ್ರವ್ವನ ಟಾಂಗಾಕ್ಕೆ ಏರಿಸಿದವರು ಯಾರು ಗೊತ್ತೆ? ಬಾಗಿಲಲ್ಲಿದ್ದ ಪೊಲೀಸರೇ!

"ಭಾಳ ವಜನ್ ಅದ ನೋಡ್ರಿ," ಎಂದ ನಮ್ಮ ಕಡೆಯ ಪೊಲೀಸನೊಬ್ಬ.

"ಒದ್ದಿ ಆಗೇದಲ್ರಿ, ಅದಕ್ಕ," ಎಂದೆ.

ನಂಬಿಕೆ ಬರಲಿಲ್ಲವೇ? ಬೇಡ ಬಿಡಿ. ಇಂದು ಸಂಜೆ ಇಂಥದೇ ಇನ್ನೊಂದು ಕೆಲಸ ಒಪ್ಪಿಕೊಂಡಿದ್ದೇನೆ... ನಿಮ್ಮ ಮನೆಯ ಕೂಸನ್ನು ಸ್ವಲ್ಪ ಹೊತ್ತು ಕೊಟ್ಟಿರಿ. ಕಳಿಸುವ ಮುಂಚೆ ಹೊಟ್ಟೆ ತುಂಬ ಹಾಲು ಕುಡಿಸಿ!